ಎರಡು ದೀಪ, ಒಬ್ಬ ವಿಜ್ಞಾನದ ಮೇಷ್ಟ್ರು

ಹನೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿದ್ಯುತ್ ಪಾಠ ಮಾಡುತ್ತಿರುವವನು ನಾನು. ಅಂಥವನು ಸ್ವಂತ ಮನೆಯ ಕಂಪ್ಯೂಟರಿಗೆ ಎರಡು ಚಿಕ್ಕ ದೀಪ ಹಾಕಲಾರನೇ? ಹಾಕಿಯೇ ತೀರುತ್ತೇನೆಂದು ದಸರಾ ರಜೆಯ ಕೊನೆಯ ದಿನ ಸ್ಕ್ರೂಡ್ರೈವರ್ ಎತ್ತಿ ಶಪಥ ಮಾಡಿದೆ!

ಶಪಥಕ್ಕೆ ಕಾರಣ ಸಿಟ್ಟು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಹೆಂಡತಿ ಮಾಲಿನಿ ಆ ಕಂಪ್ಯೂಟರಿನಲ್ಲೇ ರೇಷ್ಮೆ ಸೀರೆಯ ಅಂಚಿಗೆ ಡಿಸೈನ್ ಬರೆದು ಮಗ್ಗದವರಿಗೆ ಕಳಿಸುತ್ತಾಳೆ. ಹಬ್ಬ ಕಳೆದಾಗಿನಿಂದ ಪೆಟ್ಟಿಗೆಯ ಮುಂದಿನ ದೀಪಗಳು ಉರಿಯುತ್ತಿರಲಿಲ್ಲ. ಹಿಂದಿನ ದಿನ ಮಾಲಿನಿ ಅತ್ತ ಎದ್ದು ಹೋದಾಗ ಪರದೆಯೂ ತಾನಾಗಿ ಕಪ್ಪಾಗಿತ್ತು. ಆಫ್ ಆಗಿದೆಯೆಂದು ನಾನು ಗುಂಡಿ ಒತ್ತಿದೆ. ಅವಳು ಅರ್ಧ ದಿನ ಕೂತು ಬರೆದ ನವಿಲುಗಳೆಲ್ಲ ಹಾರಿಹೋದವು!

"ಕಣ್ಣಿಲ್ವೇನ್ರೀ ನಿಮ್ಗೆ?"

"ದೀಪ ಉರೀದಿದ್ರೆ ನಾನೇನ್ ಕನಸು ಕಾಣ್ಲಾ? ತಪ್ಪು ನಂದಲ್ಲ, ದೀಪದ್ದು!"

"ಅಂಗಾರೆ ಬಸ್‌ಸ್ಟ್ಯಾಂಡ್ ತಾವ ಚನ್ನಬಸವ ಅವ್ನಲ್ಲ, ರಿಪೇರಿಗೆ ಅವನ್ನ ಕರೀರಿ. ನೀವ್ ಮಾತ್ರ ಮುಟ್ಬೇಡಿ. ನಾಳೆ ನಾಕ್ ಗಂಟೆಗೆ ಪುಟ್ಟಮಾದಪ್ಪೋರಿಗೆ ಡಿಸೈನ್ ಓಗ್ಬೇಕು. ಇಲ್ದಿದ್ರೆ ಮಗ್ಗಕ್ಕೆ ಬೇರೆಯೋರ ಡಿಸೈನ್ ಏರಿಸ್ಬುಡ್ತಾರೆ!"

ಚನ್ನಬಸವ! ನನ್ನ ಮೈಯೆಲ್ಲ ಉರಿದುಹೋಯಿತು. ವಿದ್ಯುತ್ ಪಾಠದ ಪರೀಕ್ಷೆಯಲ್ಲಿ ಆ ಮಹಾನುಭಾವನಿಗೆ ಇಪ್ಪತ್ತೈದಕ್ಕೆ ನಾಲ್ಕು ಕೊಟ್ಟು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವನು ಬಂದು ನನ್ನ ಮನೆಯಲ್ಲಿ ದೀಪ ಹಚ್ಚಬೇಕೇ?

ಮರುದಿನ ಮಧ್ಯಾಹ್ನ ಮಾಲಿನಿ ನವಿಲುಗಳನ್ನು ಮತ್ತೆ ಬರೆದು ಮುಗಿಸಿ, ಕಂಪ್ಯೂಟರ್ ಆರಿಸಿ, ಉಂಡು ಬಂದು ಕಳಿಸೋಣವೆಂದು ಎದ್ದಳು. ಅಷ್ಟೇ ಸಾಕು! ಪೆಟ್ಟಿಗೆ ಬಿಚ್ಚಿದೆ. ಹಳೆಯ ದೀಪಗಳನ್ನು ಕಿತ್ತು ಕಸದ ಬುಟ್ಟಿಗೆ ಎಸೆದೆ. ಮುಂದಿನ ವೈರುಗಳನ್ನೆಲ್ಲ ಬಿಡಿಸಿ ಹೊಸ ದೀಪ ಕೂರಿಸಿದೆ. ಮದರ್‌ಬೋರ್ಡಿನ ಮೂಲೆಯಲ್ಲಿ ಸೂಜಿಯಂಥ ಕಡ್ಡಿಗಳಿದ್ದವು. ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರಗಳು. ಪಾಠ ಮಾಡುವವನಿಗೆ ಓದುವ ದರ್ದೇನು? ಅಂದಾಜಿನಲ್ಲೇ ಸಿಕ್ಕಿಸಿ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಬೈದು ಒತ್ತಿದೆ. ಪೆಟ್ಟಿಗೆಗೆ ಒಂದು ಏಟೂ ಕೊಟ್ಟೆ!

ಅಷ್ಟರಲ್ಲಿ ಮಾಲಿನಿಯ ಫೋನಿನಲ್ಲಿ ಪುಟ್ಟಮಾದಪ್ಪನವರ ದನಿ: "ಏನವ್ವಾ, ಮೂರೂವರೆ ಆಯ್ತು. ಮಗ್ಗ ಸುಮ್ಕೆ ನಿಂತದೆ ಕಣವ್ವಾ!"

ಅವಳು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದಳು. ನನ್ನೆದುರೇ ಚನ್ನಬಸವನಿಗೆ ಫೋನ್ ಮಾಡಿದಳು. ಬೈದಿದ್ದರೇ ವಾಸಿಯಿತ್ತು.

ಬಂದವನು ಕೈಮುಗಿದು ಬಗ್ಗಿ ನೋಡಿದ. "ಸಾ, ಗುಂಡಿ ವೈರ್‌ನ ದೀಪದ ಜಾಗಕ್ಕೆ ಆಕಿದ್ದೀರಿ, ದೀಪದ್ದ ಗುಂಡಿ ಜಾಗಕ್ಕೆ. ಇಲ್ಲೇ ಬರ್ದದಲ್ಲ ಸಾ?"

ಎರಡೇ ನಿಮಿಷ. ಕಂಪ್ಯೂಟರ್ ಎದ್ದಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ನವಿಲುಗಳು ಮಗ್ಗ ಸೇರಿದವು. ಆದರೆ ಮುಂದಿನ ದೀಪ? ಉರಿಯಲಿಲ್ಲ!

ಬಿಡುತ್ತೇನೆಯೇ? "ಎಲ್ಲಯ್ಯಾ ದೀಪ? ಅವತ್ತೂ ನಿಂಗೆ ನಾಕೇ ಮಾರ್ಕ್ಸು, ಇವತ್ತೂ ನಾಕೇ!" ಎಂದು ಗುಡುಗಿದೆ.

ಚನ್ನಬಸವ ಪೆಟ್ಟಿಗೆಯ ಮುಂಭಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆದ. ಒಣಗಿದ ವಿಭೂತಿ ಬಿಲ್ಲೆಯಾಗಿ ಉದುರಿತು. ಒಳಗೆ ಹಸಿರು ದೀಪ ಉರಿಯುತ್ತಿತ್ತು. ಪಕ್ಕದ ಕುಂಕುಮ ಕೆರೆದರೆ ಕೆಂಪು ದೀಪ! ಆ ಪಾಪಿ ಅಷ್ಟಕ್ಕೇ ಬಿಡದೆ, ಬುಟ್ಟಿಯಲ್ಲಿದ್ದ ಹಳೆಯ ದೀಪಗಳನ್ನೂ ತೆಗೆದು ಜೇಬಿನಲ್ಲಿದ್ದ ಪುಟ್ಟ ಬ್ಯಾಟರಿ ಸೆಲ್ಲಿಗೆ ಮುಟ್ಟಿಸಿದ. ಎರಡೂ ಉರಿದವು.

"ಇವೂ ಚೆನ್ನಾಗೇ ಅವೆ ಸಾ."

"ಆಯುಧಪೂಜೆ ದಿನ ಮೂರ್ ಬೆರಳ್ ಅದ್ದಿ ಇದ್ಕೆ ಮೆತ್ತಿದ್ದು ಯಾರ್ರೀ?" ಮಾಲಿನಿ ಕೇಳಿದಳು.

"ನಾನೇ," ಎಂದೆ.

ಅವಳು ಸ್ಕ್ರೂಡ್ರೈವರ್ ಕಿತ್ತುಕೊಂಡಳು. "ಬರೋ ವರ್ಸ ಈಬೂತಿನ ಈ ಸ್ಕ್ರೂಡ್ರೈವರ್‌ಗೆ ಬಳೀರಿ. ಮಂದ್ವಾಗ್ ಬಳೀರಿ, ನಿಮ್ ಕಣ್ಗೆ ಕಾಣ್ದಂಗೆ!"