ಪವರ್ ಎಷ್ಟು ಅಂತ ಕೇಳಿದರೆ

ಹಾಕಿಕೊಂಡರೂ ಕಾಣದಂಥ ವಸ್ತುವನ್ನು, ಕಣ್ಣು ಸರಿಯಾಗಿ ಕಾಣದ ಗಿರಾಕಿಗಳಿಗೆ, ಅವರ ಮುಖವನ್ನೂ ನೋಡದೆ ಮಾರುವುದು ನನ್ನ ಕೆಲಸ. ಇದರಲ್ಲಿ ಎಡವಟ್ಟಾಗದ ದಿನವೇ ಅಪರೂಪ. ಕುಶಾಲನಗರದ ನಮ್ಮ ಕನ್ನಡಕದಂಗಡಿಯ ಯಜಮಾನರು ಕಾಂಟ್ಯಾಕ್ಟ್ ಲೆನ್ಸ್ ಮಾರಲು ಆನ್‌ಲೈನ್ ಅಂಗಡಿ ಶುರು ಮಾಡಿದಾಗ, "ಕೂತಲ್ಲೇ ಕೆಲಸ ಕಣಮ್ಮ, ಗಿರಾಕಿಗಳ ಕಾಟ ಇರಲ್ಲ" ಎಂದು ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಡಾಕ್ಟರ ಚೀಟಿ ನೋಡುವುದು, ಪಾರ್ಸೆಲ್ ಕಟ್ಟಿಸುವುದು, ಫೋನ್ ಎತ್ತುವುದು ನನ್ನ ಪಾಲು. ಗಿರಾಕಿಗಳು ಅಂಗಡಿಗೆ ಬರುವುದು ಕಮ್ಮಿಯಾದದ್ದು ನಿಜ. ಈಗ ಎಲ್ಲರೂ ಫೋನಿನಲ್ಲಿ ಬರುತ್ತಾರೆ.

ಪವರ್

ಜೋರು ಮಳೆಗಾಲ. ಕರಿಕೆ ಕಡೆಯ ಒಬ್ಬರು ಲೆನ್ಸ್ ಬೇಕೆಂದು ಡಾಕ್ಟರ ಚೀಟಿಯ ಫೋಟೋ ಕಳಿಸಿದ್ದರು. ಚೀಟಿಗೆ ಮಳೆಹನಿ ಬಿದ್ದು ಅಂಕಿಗಳೆಲ್ಲ ಕಲಸಿಹೋಗಿದ್ದವು. ಫೋನ್ ಮಾಡಿದೆ. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು.

"ಸರ್, ನಿಮ್ಮ ಪವರ್ ಎಷ್ಟಿದೆ?"

"ಎಲ್ಲಿದೆ ಮೇಡಂ? ಮೊನ್ನೆಯಿಂದ ಇಲ್ಲ. ಕಂಬದ ಮೇಲೆ ಮರ ಬಿದ್ದಿದೆ."

"ಅದಲ್ಲ ಸರ್, ನಾನು ಕೇಳಿದ್ದು ನಿಮ್ಮ ಪವರ್."

"ನಮ್ಮದೂ ಇಲ್ಲ, ಪಕ್ಕದ ಮನೆಯವರದ್ದೂ ಇಲ್ಲ. ನೀವು ಲೈನ್‌ಮನ್ ಯಾವಾಗ ಬರ್ತಾನೆ ಅದನ್ನು ಹೇಳಿ."

ಬರೀ ನೀರು

ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ರೈಟರು ಮೊದಲ ಸಲ ಲೆನ್ಸ್ ತರಿಸಿಕೊಂಡರು. ದಿನವೆಲ್ಲ ಕೆಲಸದವರ ಹಾಜರಿ ಹಾಕುತ್ತಾ ತೋಟ ಸುತ್ತುವವರು. ಮಂಜಿನಲ್ಲಿ ಕನ್ನಡಕ ಒರೆಸಿ ಒರೆಸಿ ಅವರಿಗೆ ಸಾಕಾಗಿತ್ತು. ಪಾರ್ಸೆಲ್ ತಲುಪಿದ ದಿನವೇ ಫೋನ್ ಬಂತು. ದನಿಯಲ್ಲಿ ಸಿಟ್ಟು.

"ಏನಮ್ಮ ಇದು, ಪುಟ್ಟ ಪುಟ್ಟ ಡಬ್ಬಿಯಲ್ಲಿ ಬರೀ ನೀರು ತುಂಬಿಸಿ ಕಳಿಸಿದ್ದೀರಲ್ಲ? ನಾಲ್ಕು ಒಡೆದು ಬಗ್ಗಿಸಿದೆ. ನೀರು ಬಿಟ್ಟು ಬೇರೇನಿಲ್ಲ."

ವೀಡಿಯೋ ಕಾಲ್ ಮಾಡಲು ಹೇಳಿದೆ. ಐದನೆಯದನ್ನು ನನ್ನ ಕಣ್ಣೆದುರೇ ಒಡೆದರು. ನೀರು ಚೆಲ್ಲಿತು. ಲೆನ್ಸ್ ಅವರ ಹೆಬ್ಬೆರಳಿಗೆ ಅಂಟಿಕೊಂಡು ಮಿನುಗುತ್ತಿತ್ತು.

"ಅಲ್ಲೇ ಇದೆ ಸರ್, ನಿಮ್ಮ ಹೆಬ್ಬೆರಳ ಮೇಲೆ."

ಅವರು ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿದರು. "ಎಲ್ಲಿ? ನನಗೆ ಕಾಣ್ತಿಲ್ಲ."

"ಸರಿಯಾಗಿ ನೋಡಿ ಸರ್."

"ಸರಿಯಾಗಿ ನೋಡೋಕೆ ಆಗಿದ್ದಿದ್ರೆ ನಿಮ್ಮ ಹತ್ರ ಯಾಕಮ್ಮ ತರಿಸ್ತಿದ್ದೆ?"

ಒಂದೇ ಸ್ಟಾರ್

ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪ್ ಡ್ರೈವರ್ ಒಬ್ಬರು ನಮ್ಮ ವೆಬ್‌ಸೈಟಿನಲ್ಲಿ ಒಂದೇ ಒಂದು ಸ್ಟಾರ್ ಕೊಟ್ಟು ಸುಮ್ಮನಾಗಿದ್ದರು. ಯಜಮಾನರಿಗೆ ಊಟ ಸೇರಲಿಲ್ಲ. "ಕೇಳಮ್ಮ, ಏನು ತೊಂದರೆಯಂತೆ" ಎಂದರು. ಕೇಳಿದೆ.

"ಲೆನ್ಸ್ ಹಾಕಿದ್ರೆ ಕಣ್ಣು ಉರಿಯುತ್ತಾ ಸರ್?"

"ಇಲ್ಲ."

"ಮಂಜಾಗಿ ಕಾಣುತ್ತಾ?"

"ಮಂಜಾಗಿದ್ರೆ ಚೆನ್ನಾಗಿತ್ತು ಮೇಡಂ. ಹತ್ತು ವರ್ಷದಿಂದ ಆ ರಸ್ತೆಯಲ್ಲಿ ಧೈರ್ಯವಾಗಿ ಓಡಿಸ್ತಿದ್ದೆ. ಈಗ ಪಕ್ಕದ ಪ್ರಪಾತ ಎಷ್ಟು ಆಳ ಅಂತ ಚೆನ್ನಾಗಿ ಕಾಣ್ತದೆ."

ಗುಟ್ಟು

ಇದನ್ನು ಹೇಳಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಈಗ ಅವರ ಮನೆಯಲ್ಲೂ ಇದನ್ನು ಹೇಳಿಕೊಂಡು ನಗುತ್ತಾರೆ.

ಗಾಳಿಬೀಡಿನ ಹುಡುಗಿಯೊಬ್ಬಳು ಪ್ರತಿ ತಿಂಗಳೂ ನಮ್ಮಲ್ಲಿ ಲೆನ್ಸ್ ತರಿಸುತ್ತಿದ್ದಳು. ಮದುವೆ ಗೊತ್ತಾದಾಗ ಫೋನ್ ಮಾಡಿ ದನಿ ತಗ್ಗಿಸಿದಳು. "ಅಕ್ಕಾ, ನನ್ನ ಕಣ್ಣಿಗೆ ಪವರ್ ಇರೋದು ಹುಡುಗನಿಗೆ ಗೊತ್ತಿಲ್ಲ. ಮದುವೆ ಆದ ಮೇಲೆ ನಿಧಾನಕ್ಕೆ ನಾನೇ ಹೇಳ್ತೇನೆ. ಇನ್ನು ಪಾರ್ಸೆಲ್ ಗಂಡನ ಮನೆಗೆ ಕಳಿಸಿ. ಆದರೆ ಕವರಿನ ಮೇಲೆ ಅಂಗಡಿ ಹೆಸರು ಬೇಡ."

ಅವಳು ಹೇಳಿದ ಹೊಸ ವಿಳಾಸ ಟೈಪ್ ಮಾಡಿದೆ. ಆ ವಿಳಾಸದಲ್ಲಿ ಆಗಲೇ ಒಬ್ಬ ಗಿರಾಕಿ ಇದ್ದಾರೆಂದು ಕಂಪ್ಯೂಟರ್ ತೋರಿಸಿತು. ಯಾರೆಂದು ನೋಡಿದರೆ ಹಿಂದಿನ ವಾರವಷ್ಟೇ ಫೋನ್ ಮಾಡಿದ್ದ ಹುಡುಗ. "ಮೇಡಂ, ಮದುವೆ ಗೊತ್ತಾಗಿದೆ. ನನಗೆ ಸೋಡಾಬುಡ್ಡಿ ಇರೋದು ಹುಡುಗಿಗೆ ಗೊತ್ತಿಲ್ಲ. ಕವರಿನ ಮೇಲೆ ಅಂಗಡಿ ಹೆಸರು ಬೇಡ" ಎಂದಿದ್ದವನು.

ಒಬ್ಬ ಗಿರಾಕಿಯ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ನಗು ನುಂಗಿಕೊಂಡು, "ಆಗಲಿ, ಒಳ್ಳೇದಾಗ್ಲಿ" ಎಂದೆ. ಯಜಮಾನರಿಗೆ ಮಾತ್ರ ಹೇಳಿದೆ. ಅವರು, "ಮಂಟಪದಲ್ಲಿ ಇಬ್ಬರೂ ಸರಿಯಾದವರ ಕೊರಳಿಗೇ ಹಾರ ಹಾಕಲಪ್ಪ" ಎಂದರು.

ಹಾರ ಸರಿಯಾದ ಕೊರಳಿಗೇ ಬಿತ್ತು. ಮದುವೆಯಾಗಿ ಒಂದೂವರೆ ತಿಂಗಳಿಗೆ ಇಬ್ಬರ ಆರ್ಡರೂ ಒಟ್ಟಿಗೆ ಬಂತು. ಬೇರೆ ಬೇರೆ ಕವರಿನಲ್ಲಿ, ಬೇರೆ ಬೇರೆ ಹೆಸರು ಬರೆದು ಕಳಿಸಿದೆ. ಕೆಲವು ದಿನ ಬಿಟ್ಟು ಒಬ್ಬ ಹೆಂಗಸಿನ ಫೋನ್.

"ಕೊರಿಯರ್ ಹುಡುಗ ಕೊಟ್ಟ ಚೀಟಿಯಲ್ಲಿ ಈ ನಂಬರ್ ಇತ್ತು ಕೂಸೇ. ನಮ್ಮ ಮನೆಗೆ ಎರಡು ಪಾರ್ಸೆಲ್ ಕಳಿಸಿದ್ದೀಯಲ್ಲ, ಅದು ಏನು ಔಷಧ?"

ಹುಡುಗನ ತಾಯಿ ಎಂದು ಗೊತ್ತಾಯಿತು. "ಯಾಕಮ್ಮ, ಏನಾಯ್ತು?" ಎಂದೆ.

"ಮಳೆಗೆ ಕವರ್ ನೆನೆದು ಮುದ್ದೆಯಾಗಿತ್ತು, ಹರಿದು ಬಿಸಾಕಿದೆ. ಒಳಗೆ ಎರಡೂ ಒಂದೇ ಥರದ ಡಬ್ಬಿ. ಒಂದನ್ನು ಮಗನ ಮೇಜಿನ ಮೇಲೆ, ಇನ್ನೊಂದನ್ನು ಸೊಸೆಯ ಬೀರುವಿನಲ್ಲಿ ಇಟ್ಟೆ."

ಇಬ್ಬರ ಆರ್ಡರನ್ನೂ ತೆಗೆದು ನೋಡಿದೆ. ಹೆಂಡತಿಯ ಪವರ್ ಒಂದೂವರೆ, ಗಂಡನದು ನಾಲ್ಕೂವರೆ. ಡಬ್ಬಿ ಅದಲುಬದಲಾಗಿರಬಹುದು. ಇಬ್ಬರಿಗೂ ಬಾಯಿ ಬಿಡುವ ಹಾಗಿಲ್ಲ.

"ಅಮ್ಮಾ, ಇಬ್ಬರೂ ಅರ್ಜೆಂಟಾಗಿ ನನಗೆ ಫೋನ್ ಮಾಡ್ಬೇಕಂತೆ ಅಂತ ಹೇಳಿ. ಅವರಿಗೆ ಏನಾದ್ರೂ ತೊಂದರೆ ಆಗಿದೆಯಾ?"

"ನಿನ್ನೆ ಬೆಳಿಗ್ಗೆಯಿಂದ ಸೊಸೆಗೆ ತಲೆಸುತ್ತು. ಗೋಡೆ ಹಿಡ್ಕೊಂಡು ಓಡಾಡ್ತಿದ್ದಾಳೆ. ಏನಮ್ಮ ಅಂದ್ರೆ ಏನಿಲ್ಲ ಅಂತ ತಲೆ ತಗ್ಗಿಸ್ತಾಳೆ. ನಾನು ಸಿಹಿಸುದ್ದಿ ಅಂದ್ಕೊಂಡು ಪಾಯಸ ಮಾಡಿ, ಬೀಗಿತಿಗೂ ಫೋನ್ ಮಾಡಿ ಹೇಳಿಬಿಟ್ಟೆ."

"ಆಮೇಲೆ?"

"ಇವತ್ತು ಮಗನೂ ಗೋಡೆ ಹಿಡ್ಕೊಂಡೇ ಓಡಾಡ್ತಿದ್ದಾನೆ ಕೂಸೇ. ಇದನ್ನು ಬೀಗಿತಿಗೆ ಏನಂತ ಹೇಳ್ಲಿ?"