ಅತ್ತಿಗೆಯ ಫಾಲೋಅಪ್ಪು

ನಮ್ಮ ಅತ್ತಿಗೆಯ ಹತ್ತಿರ ನಿಮ್ಮ ಫೋನ್ ನಂಬರ್ ಇಲ್ಲವೆಂದಾದರೆ ನೀವಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆಗೆ ಕಾಲಿಟ್ಟಿಲ್ಲವೆಂದೇ ಅರ್ಥ! "ನಾನು ನಂದಿಬೆಟ್ಟಕ್ಕೆ ಬಂದು, ಮಂಜು ನೋಡಿಕೊಂಡು ಹಾಗೇ ವಾಪಸು ಹೋದವನಪ್ಪ" ಎನ್ನುತ್ತೀರಾ? ಅಷ್ಟೊಂದು ನಿಶ್ಚಿಂತೆ ಬೇಡ. ಬೆಟ್ಟದ ಬುಡದಲ್ಲಿ ಸುಟ್ಟ ಜೋಳ ತಿಂದು ಫೋನಿನಲ್ಲಿ ದುಡ್ಡು ಕಳಿಸಿದಿರಲ್ಲ, ಆ ಜೋಳದ ಹೆಂಗಸು ಅತ್ತಿಗೆಯ ಆಪ್ತ ಗೆಳತಿ!

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ವಾಸ ಚಿಕ್ಕಬಳ್ಳಾಪುರ, ವೃತ್ತಿ ಸೈಟು ಮಾರಿಸುವುದು. ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದರು. ಹೈವೇ ಅಗಲವಾಗಿ, ದ್ರಾಕ್ಷಿ ತೋಟಗಳಿದ್ದ ಕಡೆಯೆಲ್ಲ ಕಲ್ಲು ನೆಟ್ಟು ಲೇಔಟುಗಳು ಎದ್ದಾಗ, ಅಳತೆ ಕೊಡಲು ಬಂದ ಹೆಂಗಸರೆಲ್ಲ ಸೈಟಿನ ಮಾತನ್ನೇ ಆಡತೊಡಗಿದರಂತೆ. ಯಾರಾದರೂ "ಮೂವತ್ತು, ನಲವತ್ತು" ಅಂದರೆ ಅದು ರವಿಕೆಯ ಅಳತೆಯೋ ಸೈಟಿನ ಅಳತೆಯೋ ತಿಳಿಯದಂತಾಗಿ, ಅತ್ತಿಗೆ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಏಜೆಂಟರಾದರು.

ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಆ ಒಂದು ಕಾರಣಕ್ಕೆ, ತಲೆ ನರೆತು ಊರಿಗೆಲ್ಲ "ಸಾರ್" ಆದ ಮೇಲೂ ಅವರಿಂದ ನನಗೆ ಏಕವಚನವೇ ಗತಿ.

ಲೇಔಟಿನ ಕಂಪನಿಯವರು ಒಮ್ಮೆ ಏಜೆಂಟರನ್ನೆಲ್ಲ ಬೆಂಗಳೂರಿನ ದೊಡ್ಡ ಹೋಟೆಲಿಗೆ ಕರೆಸಿ ಒಂದು ದಿನದ ತರಬೇತಿ ಕೊಟ್ಟರು. ಅಲ್ಲಿಂದ ನಮ್ಮ ನೆಮ್ಮದಿ ಹಾಳಾಯಿತು! ಬೇರೆಯವರು ಊಟ ಮಾಡಿ, ಕೊಟ್ಟ ಚೀಲ ಹಿಡಿದುಕೊಂಡು ಬಂದರೆ ಅತ್ತಿಗೆ ಮೂರು ಇಂಗ್ಲಿಷ್ ಪದಗಳನ್ನು ಹಿಡಿದುಕೊಂಡು ಬಂದರು. ಲೀಡು, ನರ್ಚರಿಂಗು, ಫಾಲೋಅಪ್ಪು. ಸೀದಾ ನಮ್ಮ ಮನೆಗೇ ಬಂದು ನನಗೆ ಪಾಠ ಹೇಳಿದರು.

"ಲೀಡು ಅಂದ್ರೆ ಗಿರಾಕಿ ಅಲ್ಲ ಕಣಪ್ಪಾ. ಮುಂದಕ್ಕೆ ಗಿರಾಕಿ ಆಗಬೋದಾದೋರು."

"ಅಂದ್ರೆ ಯಾರು?"

"ಯಾರಾದ್ರೂ!"

"ಮತ್ತೆ ನರ್ಚರಿಂಗು?"

"ಟೊಮೊಟೊ ನರ್ಸರಿ ಇದ್ದಂಗೆ. ಬೀಜ ಹಾಕಿದ ದಿನಾನೇ ಕಾಯಿ ಕೀಳೋಕಾಗ್ತದಾ? ದಿನಾ ಒಂಚೂರು ನೀರು ಬಿಡ್ಬೇಕು. ಆ ನೀರು ಬಿಡೋಕೇ ಮಿಷನ್ ಬಂದದೆ."

ಆ ಮಿಷನ್ ಎಂದರೆ ಅವರ ಫೋನಿಗೆ ಕಂಪನಿಯವರು ಹಾಕಿಕೊಟ್ಟ ಒಂದು ಆಪ್. ಅದರಲ್ಲಿ ಒಬ್ಬರ ಹೆಸರು, ನಂಬರ್ ಸೇರಿಸಿದರೆ ಸಾಕು. ಮಿಕ್ಕದ್ದೆಲ್ಲ ತಾನಾಗಿಯೇ ನಡೆಯುತ್ತದೆ. ಮೊದಲು ನಮಸ್ಕಾರ, ಆಮೇಲೆ ಲೇಔಟಿನ ಫೋಟೋ, ಆಮೇಲೆ "ಯೋಚನೆ ಮಾಡಿದಿರಾ?", ಆಮೇಲೆ "ಇನ್ನೂ ಯೋಚಿಸುತ್ತಿದ್ದೀರಾ?", ನಡುವೆ ಹಬ್ಬ ಬಂದರೆ ಶುಭಾಶಯ. ಅತ್ತಿಗೆ ಮಲಗಿದ್ದರೂ ಸರಿ, ಮುದ್ದೆ ತಿರುವುತ್ತಿದ್ದರೂ ಸರಿ, ಸಂದೇಶ ಹೋಗುತ್ತಲೇ ಇರುತ್ತದೆ. ಇಂಥ ಅಸ್ತ್ರವನ್ನು ಯಾರ ಕೈಗಾದರೂ ಕೊಡಿ, ನಮ್ಮ ಅತ್ತಿಗೆಯ ಕೈಗೆ ಕೊಡುವುದೇ?

ಮುರುಗಮಲ್ಲದ ದರ್ಗಾಕ್ಕೆ ಹರಕೆ ತೀರಿಸಲು ಹೊರಟ ಅತ್ತಿಗೆ ದಾರಿ ಮುಗಿಯುವಷ್ಟರಲ್ಲಿ ಅರ್ಧ ಬಸ್ಸಿನವರ ಫೋನ್ ನಂಬರ್ ಬರೆದುಕೊಂಡಿದ್ದರು. ಗೌರಿಬಿದನೂರಿನ ಕಡೆ ನಮ್ಮ ದೂರದ ಸಂಬಂಧಿಕರ ತಿಥಿಗೆ ಹೋದಾಗಲಂತೂ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅತ್ತಿಗೆ ವಡೆ ಬಡಿಸಲು ಬಂದ ತೀರಿಹೋದವರ ಮಗನನ್ನು ಕೇಳಿದರು: "ನಿಮ್ಮಪ್ಪಂಗೆ ಒಂದು ಸೈಟ್ ಮಾಡ್ಬೇಕು ಅಂತ ಆಸೆ ಇತ್ತೇನಪ್ಪಾ?" ಅವನು ವಡೆಯ ಪಾತ್ರೆ ಹಿಡಿದೇ ಬಿಕ್ಕಿ ಬಿಕ್ಕಿ ಅತ್ತ. ಅತ್ತಿಗೆಯೂ ಅತ್ತರು. ಕಣ್ಣೊರೆಸಿಕೊಂಡು ನಂಬರ್ ತೆಗೆದುಕೊಂಡರು!

ಇಷ್ಟೇ ಆಗಿದ್ದರೆ ನನ್ನ ಪಾಡಿಗೆ ನಾನು ಇರಬಹುದಿತ್ತು. ಆದರೆ ಕಂಪನಿಯವರು ಕೊಟ್ಟ ಸಂದೇಶಗಳು ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಬರೆದುಕೊಡುವ ಕೆಲಸ ಯಾರ ತಲೆಗೆ? ಮನೆಯಲ್ಲೇ ಬಿಟ್ಟಿ ಕನ್ನಡ ಮೇಷ್ಟ್ರು ಇರುವಾಗ! ಒಂದು ಭಾನುವಾರ ಕೂತು ನಾನು ಶ್ರದ್ಧೆಯಿಂದ ಬರೆದೆ: "ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..."

ಅತ್ತಿಗೆ ಅಲ್ಲಿಗೇ ನಿಲ್ಲಿಸಿದರು. "ಏನೋ ಇದು, ಕೋರ್ಟಿಂದ ನೋಟಿಸ್ ಬಂದಂಗದೆ! ಇದನ್ನ ಓದಿದೋನು ಸೈಟ್ ತಗೊಳೋದಿರ್ಲಿ, ಊರೇ ಬಿಟ್ಟೋಗ್ತಾನೆ. ಮನೇಗೆ ಬಂದೋರನ್ನ ಮಾತಾಡಿಸ್ದಂಗೆ ಬರಿ."

ನಾಲ್ಕು ಸಲ ತಿದ್ದಿಸಿದರು. ನನ್ನ ವಿದ್ಯಾರ್ಥಿಗಳ ಶಾಪ ಅಂದು ನನಗೆ ತಟ್ಟಿತು. ಕೊನೆಗೆ "ಪ್ರಿಯ" ಎಂದು ಬರೆದು, ಪಕ್ಕದಲ್ಲಿ ಹೆಸರಿಗೆ ಜಾಗ ಬಿಟ್ಟು, "ಅವರೇ" ಎಂದು ಸೇರಿಸಿದೆ. ಫೋನಿನಲ್ಲಿ ಯಾವ ಹೆಸರಿದೆಯೋ ಅದನ್ನು ಆ ಜಾಗದಲ್ಲಿ ಮಿಷನ್ನೇ ತುಂಬಿಕೊಳ್ಳುತ್ತದೆ ಎಂದು ಅತ್ತಿಗೆ ಹೇಳಿದ್ದರು. ಅವರ ಫೋನಿನಲ್ಲಿ ಹೆಸರುಗಳು ಹೇಗಿವೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು!

ಆ ಯುಗಾದಿಯ ಬೆಳಿಗ್ಗೆ ಜಿಲ್ಲೆಯ ಮೂಲೆಮೂಲೆಗೂ ಶುಭಾಶಯ ಹೋಯಿತು. "ಪ್ರಿಯ ಬರೀ ಕೇಳೋದೇ ಆಯ್ತು ಅವರೇ, ಹೊಸ ವರ್ಷ ನಿಮಗೆ ಹರ್ಷ ತರಲಿ." "ಪ್ರಿಯ ದುಡ್ಡಿದೆ ಬಿಚ್ಚಲ್ಲ ಅವರೇ, ಬೇವು ಬೆಲ್ಲದ ಶುಭಾಶಯಗಳು." "ಪ್ರಿಯ ಚಿಂತಾಮಣಿ ಬೋಳುತಲೆ ಅವರೇ, ನಿಮ್ಮ ಬಗ್ಗೆ ನಮಗೆ ಅಪಾರ ಗೌರವವಿದೆ."

ಹಬ್ಬದ ಊಟಕ್ಕೆ ನಾವೆಲ್ಲ ಅಣ್ಣನ ಮನೆಯಲ್ಲೇ ಸೇರಿದ್ದೆವು. ಒಬ್ಬಟ್ಟು ಎಲೆಗೆ ಬೀಳುವ ಹೊತ್ತಿಗೆ ಬಾಗಿಲಲ್ಲಿ ಒಂದು ತಲೆ ಮಿಂಚಿತು. ಯಾರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆತ ಚಿಂತಾಮಣಿಯ ಟೊಮೊಟೊ ಮಂಡಿ ವ್ಯಾಪಾರಿ.

"ಏಮ್ಮಾ, ಹಬ್ಬದ್ ದಿನ ನನ್ ತಲೆ ಮೇಲೆ ಯಾಕಮ್ಮಾ ನಿಮ್ ಕಣ್ಣು?" ಎಂದು ಗುಡುಗಿದ.

ನಾನು ಎಲೆ ಬಿಟ್ಟು ಹಿತ್ತಲಿಗೆ ಓಡುವ ದಾರಿ ನೋಡುತ್ತಿದ್ದೆ. ಕಷ್ಟ ಬಂದಾಗ ಅತ್ತಿಗೆಯ ಬಾಯಲ್ಲಿ ತೆಲುಗು ಬರುತ್ತದೆ. "ರಾಂಡಿ ಅನ್ನಾ, ಕೂರ್ಚೋಂಡಿ" ಎಂದು ಕುರ್ಚಿ ಎಳೆದುಹಾಕಿ, ಆಮೇಲೆ ಕನ್ನಡಕ್ಕೆ ಬಂದರು. "ಅಣ್ಣಾ, ನಿಮ್ ಹೆಸರಿನೋರು ಚಿಂತಾಮಣಿ ತುಂಬಾ ಅವ್ರೆ. ಇಂಥಾ ತಲೆ ಇರೋರು ನೀವೊಬ್ರೇ. ಮರೆತೋಗಬಾರ್ದು ಅಂತ ಬರ್ಕೊಂಡಿದ್ದೆ. ತಪ್ಪಾ?"

ಆತ ತಲೆ ಸವರಿಕೊಂಡ. ಆಮೇಲೆ ಒಬ್ಬಟ್ಟು ತಿಂದ, ತುಪ್ಪ ಹಾಕಿಸಿಕೊಂಡು ಇನ್ನೊಂದು ತಿಂದ. ಹೋಗುವಾಗ "ಮೂಲೆ ಸೈಟ್ ಇದ್ರೆ ಹೇಳಮ್ಮಾ" ಎಂದ. ಹೀಗಾದರೆ ಅತ್ತಿಗೆಗೆ ಬುದ್ಧಿ ಬರುವುದಾದರೂ ಹೇಗೆ, ಹೇಳಿ!

ಬರಲಿಲ್ಲ. ಬರದೇ ಇದ್ದದ್ದು ನನ್ನ ಮಗಳ ಮದುವೆಯ ಬುಡಕ್ಕೇ ಬಂತು.

ಮಗಳು ಚಿಂತಾಮಣಿಯ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗ, ಅವನ ಅಪ್ಪ ಅಮ್ಮ ಒಂದು ಭಾನುವಾರ ನಮ್ಮ ಮನೆಗೆ ಬಂದು, ಕೇಸರಿಬಾತ್ ತಿಂದು, ಮಗಳನ್ನು ನೋಡಿ, "ಫೋನ್ ಮಾಡ್ತೀವಿ" ಎಂದು ಹೋದರು. ಹೋದವರ ಸುದ್ದಿಯೇ ಇಲ್ಲ. ನನ್ನ ಹೆಂಡತಿ ಫೋನನ್ನು ಅಡಿಗೆಮನೆಗೂ ದೇವರಮನೆಗೂ ಹೊತ್ತು ತಿರುಗುತ್ತಿದ್ದಳು. ಮಗಳು ಮಾತ್ರ ಏನೂ ಹೇಳದೆ ಬ್ಯಾಂಕಿಗೆ ಹೋಗಿ ಬರುತ್ತಿದ್ದಳು.

"ಹುಡುಗನ ಅಪ್ಪನ ನಂಬರ್ ಕೊಡು. ನಾನು ನಾಜೂಕಾಗಿ ವಿಚಾರಿಸ್ತೀನಿ" ಎಂದರು ಅತ್ತಿಗೆ. ಹೆಂಡತಿ ಕೊಟ್ಟಳು. ಅತ್ತಿಗೆ ಅದನ್ನು ಫೋನಿಗೆ ಸೇರಿಸಿಕೊಂಡರು. ಎಲ್ಲಿ ಸೇರಿಸಿದರು ಎಂದು ನೀವು ಊಹಿಸಿರಬೇಕು!

ಮೊದಲ ಸಂದೇಶ ಹೋಯಿತು: "ನೀವು ಬಂದು ನೋಡಿಕೊಂಡು ಹೋದದ್ದು ನಮಗೆ ಸಂತೋಷ ತಂದಿದೆ. ನೀವು ನೋಡಿದ್ದು ಇನ್ನೂ ಖಾಲಿ ಇದೆ." ಆಮೇಲೆ ಇನ್ನೊಂದು: "ಪೂರ್ವಾಭಿಮುಖ. ದಾಖಲೆಗಳೆಲ್ಲ ಸ್ವಚ್ಛ. ಹಿಂದಿನ ಯಾವ ತಕರಾರೂ ಇಲ್ಲ." ಅದರ ಮೇಲೆ ಮತ್ತೊಂದು: "ಇನ್ನಿಬ್ಬರು ಆಸಕ್ತಿ ತೋರಿಸಿದ್ದಾರೆ. ಶನಿವಾರದೊಳಗೆ ಮುಂದೆ ಬಂದವರಿಗೆ ಮಾಡ್ಯುಲರ್ ಕಿಚನ್ ಉಚಿತ!" ಒಂದೊಂದು ಅಕ್ಷರವೂ ನಾನೇ ಬರೆದದ್ದು. ಹೆತ್ತ ಮಗಳ ಬಗ್ಗೆ!

ಶುಕ್ರವಾರ ಸಂಜೆ ಹುಡುಗನ ಅಪ್ಪ ನನಗೆ ಫೋನ್ ಮಾಡಿದರು. ನಮ್ಮ ಮನೆಗೆ ಬಂದಿದ್ದ ಅತ್ತಿಗೆ ಅಲ್ಲೇ ಸೋಫಾದಲ್ಲಿ ಕೂತು ಬೀನ್ಸ್ ಸೋಸುತ್ತಿದ್ದರು. ಮಗಳು ಆಗಷ್ಟೇ ಬ್ಯಾಂಕಿನಿಂದ ಬಂದಿದ್ದಳು. ಹೆಂಡತಿ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದೆ.

"ಮೇಷ್ಟ್ರೇ, ನಿಮ್ ಕಡೆಯೋರ ಮೆಸೇಜ್ ಬಂತು. ಇನ್ನಿಬ್ರು ನೋಡ್ಕೊಂಡು ಹೋದ್ರಂತೆ?"

ಆ ಸಂದೇಶಗಳನ್ನು ಅವರು ಒಂದೊಂದಾಗಿ ಓದಿ ಹೇಳಿದರು. "ಅದು ತಪ್ಪಾಗಿ..." ಎಂದು ತೊದಲಿದೆ.

"ತಪ್ಪೇನಿಲ್ಲ ಬಿಡಿ, ನೀವೇ ಬಾಯಿಬಿಟ್ಟಿದ್ದು ಒಳ್ಳೇದೇ ಆಯ್ತು. ನಾವೇ ಹೆಂಗೆ ಕೇಳೋದು ಅಂತ ಸುಮ್ನಿದ್ವಿ. ಆದ್ರೆ ಕಿಚನ್ ತಗೊಂಡು ಏನ್ ಮಾಡಣ? ಅದರ ಬದ್ಲು ಹುಡುಗಂಗೆ ಒಂದು ಕಾರ್ ಕೊಡ್ಸಿಬಿಡಿ. ಆ ಇನ್ನಿಬ್ರಿಗೂ ನೀವು ಏನಾದ್ರೂ ಕೊಡ್ತೀರಲ್ಲ?"

ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಬೀನ್ಸಿನ ತಟ್ಟೆ ಕೆಳಗಿಟ್ಟು, ಎದ್ದು ಬಂದು, ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಸ್ವಾಮಿ, ಆಫರ್ ಮುಗಿದೋಯ್ತು. ಕಿಚನ್ನೂ ಇಲ್ಲ, ಕಾರೂ ಇಲ್ಲ, ಹುಡುಗೀನೂ ಇಲ್ಲ!"

ಫೋನ್ ಇಟ್ಟರು. ಮಗಳು ಓಡಿಬಂದು "ದೊಡ್ಡಮ್ಮಾ!" ಎಂದು ಅವರ ಕುತ್ತಿಗೆಗೆ ಜೋತುಬಿದ್ದಳು. ಆ ಹುಡುಗ ಅವಳಿಗೆ ಮೊದಲ ದಿನವೇ ಹಿಡಿಸಿರಲಿಲ್ಲವಂತೆ. ಅಪ್ಪ ಅಮ್ಮ ಇಷ್ಟು ಆಸೆ ಇಟ್ಟುಕೊಂಡಿದ್ದಾರಲ್ಲ ಎಂದು ಸುಮ್ಮನಿದ್ದಳಂತೆ. ಅತ್ತಿಗೆ ಅವಳ ಬೆನ್ನು ತಟ್ಟುತ್ತಾ ನನ್ನ ಕಡೆ ತಿರುಗಿ, "ನೋಡಪ್ಪಾ, ಫಾಲೋಅಪ್ ಮಾಡಿದ್ರೇನೇ ಜನದ ಬಣ್ಣ ಗೊತ್ತಾಗೋದು" ಎಂದರು. ಮಾಡಿದ ಎಡವಟ್ಟಿಗೆ ಶಭಾಷ್‌ಗಿರಿ ಬೇರೆ! ಇವರನ್ನು ಬೈಯಬೇಕೋ, ಕಾಲಿಗೆ ಬೀಳಬೇಕೋ?

ಹೋದ ವರ್ಷ ನನಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಮನೆಗೆ ಬಂದ ಮೊದಲ ವಾರ ನಮ್ಮ ಮನೆಯೇ ಜಾತ್ರೆ. ಸ್ಕೂಲಿನವರು, ನೆಂಟರು, ಹಳೆಯ ವಿದ್ಯಾರ್ಥಿಗಳು, ಎಲ್ಲರ ಕೈಯಲ್ಲೂ ಸೇಬು, ಎಳನೀರು. ಎರಡನೆಯ ವಾರ ಕೆಲವರು ಬಂದರು. ಆಮೇಲೆ ಯಾರೂ ಬರಲಿಲ್ಲ. ಅವರದೇನೂ ತಪ್ಪಿಲ್ಲ, ಎಲ್ಲರಿಗೂ ಅವರವರ ಕೆಲಸ. ಹೆಂಡತಿ ಕೆಲಸ ಮುಗಿಸಿ ತೂಕಡಿಸುವಾಗ ನಾನು ಕಿಟಕಿಯ ಹತ್ತಿರ ಕೂತು ರಸ್ತೆಯಲ್ಲಿ ರೇಷ್ಮೆಗೂಡಿನ ಚೀಲ ಹೊತ್ತ ಆಟೋಗಳನ್ನು ನೋಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ದಿನಾ ಬೆಳಿಗ್ಗೆ ಮಾತ್ರ, ಕಾಫಿಯ ಹೊತ್ತಿಗೆ ಸರಿಯಾಗಿ, ಫೋನ್ ಕಿಣಿ ಅನ್ನುತ್ತಿತ್ತು. "ಮಾತ್ರೆ ಆಯ್ತಾ? ವಾಕಿಂಗ್ ಆಯ್ತಾ? ಉಪ್ಪಿನಕಾಯಿ ಮುಟ್ಟಬೇಡ." ಅತ್ತಿಗೆಯ ನಂಬರ್! ನನ್ನನ್ನೂ ಮಿಷನ್ನಿಗೆ ಹಾಕಿದ್ದಾರೆ ಎಂದು ಮೈಯೆಲ್ಲ ಉರಿಯಿತು. "ಬೇಡ" ಎಂದು ಬರೆದು ಕಳಿಸಿದರೆ ಮಿಷನ್ ತಾನಾಗಿಯೇ ನಿಲ್ಲಿಸುತ್ತದಂತೆ. ಕಳಿಸಿದೆ. ನಿಲ್ಲಲಿಲ್ಲ. ಮತ್ತೆ ಕಳಿಸಿದೆ. ಮರುದಿನ "ಉಪ್ಪಿನಕಾಯಿ ಮುಟ್ಟಬೇಡ" ಜೊತೆಗೆ "ಹಪ್ಪಳಾನೂ" ಎಂದು ಸೇರಿಕೊಂಡಿತು! ಮಿಷನ್ ಕೆಟ್ಟಿದೆ ಎಂದು ಕೈಬಿಟ್ಟೆ.

ಒಂದು ಬೆಳಿಗ್ಗೆ ಸಂದೇಶ ಬರಲಿಲ್ಲ. ಕಾಫಿ ಕುಡಿದೆ. ಪೇಪರ್ ಓದಿದೆ. ಫೋನ್ ಚಾರ್ಜಿದೆಯೇ ಎಂದು ನೋಡಿದೆ. ತಡೆಯಲಾಗದೆ ಅಣ್ಣನಿಗೆ ಫೋನ್ ಮಾಡಿದೆ.

"ಅವಳಿಗೆ ಜ್ವರ ಕಣೋ, ನಿನ್ನೆಯಿಂದ ಎದ್ದಿಲ್ಲ" ಎಂದ ಅಣ್ಣ.

"ಜ್ವರ ಅತ್ತಿಗೆಗೆ ತಾನೇ? ಮಿಷನ್ನಿಗೇನಾಯ್ತು?"

"ಯಾವ ಮಿಷನ್ನೋ? ದಿನಾ ಎದ್ದ ತಕ್ಷಣ ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಒತ್ಕೊಂಡು ಕೂತಿರ್ತಾಳೆ. 'ಅವನ ಹೆಸರೂ ಅದರಲ್ಲಿ ಹಾಕಿಬಿಡೇ, ತಾನಾಗೇ ಹೋಗ್ತದಲ್ಲ' ಅಂದೆ. 'ಅವನೇನ್ ಲೀಡಾ?' ಅಂತ ನನ್ನೇ ಬೈದ್ಲು."

"ಅತ್ತಿಗೆಗೆ ಕೊಡು" ಎಂದೆ.

ಫೋನ್ ಕೈ ಬದಲಾಯಿಸಿದ ಸದ್ದು. ಬತ್ತಿದ ಗಂಟಲಿನಲ್ಲಿ "ಹೂಂ" ಎಂದರು.

"ಅತ್ತಿಗೆ, ಇವತ್ತು ಮೆಸೇಜ್ ಬರ್ಲಿಲ್ಲ."



"ಮಾತ್ರೆ ತಗೊಂಡ್ಯಾ?"

"ಇನ್ನೂ ಇಲ್ಲ."

"ಹೋಗು, ತಗೊಂಡ್ ಬಾ. ನಾನು ಲೈನಲ್ಲೇ ಇರ್ತೀನಿ."