ಮಾವನ ಕೈಗೆ ಹುಗ್ಗಿಯ ಬಕೆಟ್ಟು

ನಮ್ಮ ಸೋದರಮಾವನನ್ನು ಮದುವೆಗೆ ಧಾರಾಳವಾಗಿ ಕರೆಯಬಹುದು. ಕರೆಯದಿದ್ದರೂ ಬರುತ್ತಾನೆ. ಬಂದು ಹಂದರ ಹಾಕಿಸುತ್ತಾನೆ, ನೀರು ತುಂಬಿಸುತ್ತಾನೆ, ಮದುಮಗನ ಕಳೆದುಹೋದ ಚಪ್ಪಲಿಯನ್ನು ಹುಡುಕಿಕೊಡುತ್ತಾನೆ. ಆದರೆ ಅವನ ಕೈಗೆ ಬಡಿಸುವ ಬಕೆಟ್ಟು ಮಾತ್ರ ಕೊಡಬಾರದು! ಇದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದೆ ಇದ್ದವರು ಸುರಪುರದ ಬೀಗರು ಮಾತ್ರ. ಈಗ ಅವರಿಗೂ ಗೊತ್ತಾಗಿದೆ.

ಅವರು ಬಂದಿದ್ದ ಮದುವೆಯಲ್ಲಿ ಪಂಕ್ತಿಯ ಮುಂದಿನ ತುದಿಯಲ್ಲಿ ಬೀಗರ ಹಿರಿಯರು ಪಟಗಾ ಸುತ್ತಿಕೊಂಡು ಕುಳಿತಿದ್ದರು. ಹಿಂದಿನ ತುದಿಯಲ್ಲಿ ಬಾಜಾ ಬಾರಿಸುವವರು, ಟೆಂಪೋ ಡ್ರೈವರು, ಹಂದರದ ಕಂಬ ನೆಟ್ಟವರು. ಯಾರೋ ಪುಣ್ಯಾತ್ಮರು ಮಾವನ ಕೈಗೆ ಗೋಧಿ ಹುಗ್ಗಿಯ ಬಕೆಟ್ಟು ಕೊಟ್ಟರು. ಮಾವ ಬೀಗರ ಮುಂದಿನಿಂದಲೇ ಹಾದುಹೋದ, ಕೊನೆಗೆ ಹೋಗಿ ನಿಂತ, ಡ್ರೈವರನಿಂದ ಶುರು ಮಾಡಿದ. ಎರಡೆರಡು ಸೌಟು, ಮೇಲೆ ತುಪ್ಪ. ಬೀಗರ ಹತ್ತಿರ ಬರುವಷ್ಟರಲ್ಲಿ ಬಕೆಟ್ಟಿನ ತಳ ಕಾಣುತ್ತಿತ್ತು.

"ಏನ್ರಿ ಇದು, ಬೀಗರಿಗಿ ಖಾಲಿ ಬಕೀಟ್ ತೋರಸಾಕ ಕರದೀರೇನು?" ಎಂದರು ಹಿರಿಯರೊಬ್ಬರು.

"ಗಾಬರಿ ಆಗಬ್ಯಾಡ್ರಿ. ನೀವು ಹೆಡ್‌ನ್ಯಾಗ ಅದೀರಿ. ಹೆಡ್‌ನ್ಯಾಗ ಇದ್ದವ್ರಿಗಿ ಎಂದೂ ಕಮ್ಮಿ ಬೀಳಂಗಿಲ್ಲ," ಎಂದ ಮಾವ.

ಅಡುಗೆಮನೆ ಇದ್ದದ್ದು ಬೀಗರ ಬೆನ್ನ ಹಿಂದೆಯೇ. ಎರಡನೆಯ ಬಕೆಟ್ಟು ಅಲ್ಲಿಂದಲೇ ಬಂತು, ಮೊದಲು ಅವರಿಗೇ ಬಿತ್ತು, ಅವರು ಮೂರು ಸಲ ಹಾಕಿಸಿಕೊಂಡು ಉಂಡರು. ಆದರೂ ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಮಾವ ಹೀಗೇಕೆ ಎಂದು ತಿಳಿಯಬೇಕಾದರೆ ಅವನ ನೌಕರಿ ತಿಳಿಯಬೇಕು. ಅವನು ಭೀಮರಾಯನಗುಡಿ ಕ್ಯಾಂಪಿನ ಕಾಲುವೆ ಗೇಟುಗಳನ್ನು ಎತ್ತಿ ಇಳಿಸುವವನು. ನಮ್ಮ ಕಡೆ ಕಾಲುವೆ ಬಂದ ಮೇಲೆ ಹುಟ್ಟಿದ ಕೂಸಿಗೂ ಎರಡು ಶಬ್ದ ಗೊತ್ತು. ಕಾಲುವೆ ಶುರುವಾಗುವ ಕಡೆ ಹೆಡ್ಡು, ಮುಗಿಯುವ ಕಡೆ ಟೇಲು. ಹೆಡ್ಡಿನವರು ಭತ್ತ ಬೆಳೆದು ಮೇಲೆ ಮಾಳಿಗೆ ಕಟ್ಟಿಸುತ್ತಾರೆ. ಟೇಲಿನವರು ಕಾಲುವೆಯೊಳಗೆ ಕುಳಿತು ಬೀಡಿ ಸೇದುತ್ತಾರೆ, ಏಕೆಂದರೆ ಅದು ಒಣಗಿರುತ್ತದೆ. ಮಾವನ ಕಾನೂನು ಒಂದೇ. ನೀರು ಬಿಟ್ಟ ದಿನ ಮೇಲಿನ ಗೇಟುಗಳೆಲ್ಲ ಬಂದ್. ನೀರು ಮೊದಲು ಟೇಲು ಮುಟ್ಟಬೇಕು. ಆಮೇಲೆ ಕೆಳಗಿನಿಂದ ಒಂದೊಂದೇ ಗೇಟು ತೆರೆಯುತ್ತ ಮೇಲೆ ಬರಬೇಕು. ಇದಕ್ಕಾಗಿ ಹೆಡ್ಡಿನ ರೈತರಿಂದ ಅವನು ಬೈಸಿಕೊಳ್ಳದ ದಿನವಿಲ್ಲ. ಬೈಯುವವರಿಗೆ ಚಹಾ ಕುಡಿಸಿ, ಗೇಟಿನ ಹ್ಯಾಂಡಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದ. ಮೊಳದುದ್ದದ ಆ ಕಬ್ಬಿಣದ ಹ್ಯಾಂಡಲ್ ಇಲ್ಲದೆ ಯಾವ ಗೇಟೂ ಏಳುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನೌಕರಿ ಎನ್ನಬಹುದಿತ್ತು. ಮನೆಯಲ್ಲಿಯೂ ಅದೇ! ಬಸ್ಸು ಹತ್ತಿದರೆ ಹಿಂದಿನ ಸೀಟು. ಪೇಪರನ್ನು ಕೊನೆಯ ಪುಟದಿಂದ ಓದುತ್ತಾನೆ, ಮುಖಪುಟ ಮುಟ್ಟುವಷ್ಟರಲ್ಲಿ ಮರುದಿನದ ಪೇಪರು ಬಂದಿರುತ್ತದೆ. ಮದುವೆಯ ಸರದಿಯನ್ನು ತನಗಿಂತ ಚಿಕ್ಕವರಿಗೆ ಬಿಟ್ಟುಕೊಡುತ್ತ ಬಂದು ಕೊನೆಗೆ ಹಾಗೆಯೇ ಉಳಿದುಬಿಟ್ಟ. ಹೀಗಾಗಿ ಎರಡು ಹೊತ್ತಿನ ಊಟ ನಮ್ಮ ಮನೆಯಲ್ಲಿ, ತನ್ನ ಅಕ್ಕನ ಕೈಯಿಂದ. ಅಕ್ಕ ಅಂದರೆ ನಮ್ಮ ಅವ್ವ. ಊಟಕ್ಕೆ ಕುಳಿತಾಗ ಮಾವ ಬುಟ್ಟಿಯಿಂದ ಮೊದಲ ರೊಟ್ಟಿ ತೆಗೆದು ಒಲೆಯ ಮುಂದಿದ್ದ ಅವ್ವನ ಗಂಗಾಳಕ್ಕೆ ಹಾಕುತ್ತಿದ್ದ. ಅವ್ವ ಅದನ್ನು ಎತ್ತಿ ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು.

"ನನಗ ಹಸಿವಿಲ್ಲ. ಮೊದಲ ನೀವ್ ಉಣ್ರಿ."

"ಅಕ್ಕಾ, ಸುಮ್ಮ ತಿನ್ನು."

"ನಿನ್ನ ಕಾಲುವಿ ಕಾನೂನು ನನ್ನ ಒಲಿ ಮುಂದ ತರಬ್ಯಾಡ."

ದಿನವೂ ಈ ಜಗಳ, ದಿನವೂ ಅವ್ವನದೇ ಗೆಲುವು. ನಮಗೆ ಇದು ಊಟದ ಜೊತೆಗಿನ ಉಪ್ಪಿನಕಾಯಿ ಇದ್ದಂತೆ.

ನಾನು ಶಹಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ಕಾಲ ಅದು. ದೇಶದ ಮಟ್ಟದ ಕೋಡಿಂಗ್ ಸ್ಪರ್ಧೆಯೊಂದರ ನೋಟಿಸು ಬಂತು. ನಿಮ್ಮ ಊರಿನ ಒಂದು ತೊಂದರೆ ಹಿಡಿಯಿರಿ, ಅದಕ್ಕೊಂದು ಪ್ರೋಗ್ರಾಂ ಬರೆಯಿರಿ. ಗೆದ್ದವರನ್ನು ದಿಲ್ಲಿಗೆ ಕರೆಸಿ ದೇಶ ನಡೆಸುವ ದೊಡ್ಡವರ ಭೇಟಿ ಮಾಡಿಸುತ್ತಾರೆ. ನಮ್ಮ ಊರಿನ ತೊಂದರೆ ಯಾವುದು? ನನಗೆ ನೆನಪಾದದ್ದು ಕಾಲುವೆ ನೀರಿನ ಸರದಿ. ಯಾವ ಹೊಲಕ್ಕೆ, ಯಾವ ದಿನ, ಎಷ್ಟು ತಾಸು ನೀರು ಎಂದು ಲೆಕ್ಕ ಹಾಕಿ ರೈತರ ಮೊಬೈಲಿಗೆ ಕಳಿಸುವ ಪ್ರೋಗ್ರಾಂ ಬರೆದೆ. ಮೂರು ವಾರ ಲ್ಯಾಬಿನಲ್ಲಿ ಕಣ್ಣು ಕೆಂಪು ಮಾಡಿಕೊಂಡು ಬರೆದದ್ದನ್ನು ಹೆಮ್ಮೆಯಿಂದ ಮಾವನಿಗೆ ತೋರಿಸಿದೆ.

ಅವನು ಪರದೆಯನ್ನು ಗೇಟು ನೋಡುವ ಹಾಗೆ ಬಗ್ಗಿ ನೋಡಿದ. "ನಿನ್ನ ಮಶೀನು ಮೊದಲ ಯಾರಿಗಿ ನೀರು ಕೊಡ್ತದ?"

"ಒಂದನೇ ಹೊಲಕ್ಕ."

"ಒಂದನೇದು ಅಂದ್ರ ಹೆಡ್‌ನ್ಯಾಂವ. ಅಳಸು."

"ಮಾಮಾ, ಎಣಿಸೋದು ಒಂದರಿಂದನ ಅಲ್ಲೇನು?"

"ಎಣಿಸಾಕ ಒಂದರಿಂದ ಎಣಸು. ಕೊಡೂದು ಕೊನೀಯಿಂದ ಕೊಡು."

ನಾನು ವಾದ ಮಾಡಿದೆ. ನೀರು ಕಡಿಮೆ ಇದ್ದಾಗ ಮೊದಲಿನಿಂದ ಕೊಟ್ಟರೆ ಕೊನೆಯವರಿಗಿಲ್ಲ, ಕೊನೆಯಿಂದ ಕೊಟ್ಟರೆ ಮೊದಲಿನವರಿಗಿಲ್ಲ, ಎರಡೂ ಒಂದೇ ಎಂದೆ. ಮಾವ ನಕ್ಕ. "ನಿನ್ನ ಮಶೀನಿನ್ಯಾಗ ಒಂದ. ನೆಲದ ಮ್ಯಾಲ ಒಂದಲ್ಲ. ಟೇಲಿಗಿ ಹೋಗೋ ನೀರು ಹೆಡ್ಡಿನ ಬಾಜೂಕ್ಕ ಹಾದು ಹೋಗಬೇಕಲ್ಲ? ಹೋಗ್ತಾ ಹೋಗ್ತಾ ಅವ್ರ ಬಾವಿ ತುಂಬ್ತದ, ಭೂಮಿ ತಣ್ಣಗಾಗ್ತದ. ಅವ್ರು ಕೇಳಲಾರದ ಕುಡೀತಾರ. ಟೇಲ್‌ನ್ಯಾಂವಗ ಯಾರ ನೀರು ಹಾದು ಹೋಗ್ತದ?"

ಮೂರು ವಾರದ ಕೆಲಸವನ್ನು ನಾನು ತಿರುಗಿಸಿ ಬರೆದೆ. ಹಾದುಹೋಗುವಾಗ ಇಂಗುವ ಬಸಿನೀರಿನ ಲೆಕ್ಕ ಸೇರಿಸಿದೆ. ಕೊನೆಯ ಹೊಲಕ್ಕೆ ನಂಬರು ಹಾಕುವಾಗ ಮಾವ ತಡೆದ. "ನಂಬರ್ ಬ್ಯಾಡ. ಅಕ್ಕನ ಹೊಲ ಅಂತ ಬರಿ." ನಮ್ಮ ಅವ್ವನ ಹೆಸರಿನಲ್ಲಿ ಟೇಲಿನಲ್ಲಾಗಲಿ ಹೆಡ್ಡಿನಲ್ಲಾಗಲಿ ಒಂದು ಗೇಣು ಹೊಲವಿರಲಿಲ್ಲ. ಕೇಳಿದರೆ, "ಬರೀ ಅಂದ್ನಲ್ಲ, ಬರಿ" ಎಂದ. ಹುಚ್ಚನ ಜೊತೆ ವಾದವೇಕೆ ಎಂದು ಬರೆದೆ.

ಗೆದ್ದೆ! ದಿಲ್ಲಿಯಿಂದ ಪತ್ರ ಬಂತು. ದೊಡ್ಡವರು ಪ್ರತಿಯೊಬ್ಬ ವಿದ್ಯಾರ್ಥಿಯ ಹತ್ತಿರ ಒಂದು ನಿಮಿಷ ನಿಂತು ಮಾತನಾಡುತ್ತಾರಂತೆ. ಜೊತೆಗೆ ಮನೆಯವರೊಬ್ಬರು ಬರಬಹುದು. ಅಪ್ಪನಿಗೆ ಸೊಂಟನೋವು, ಮೇಲಾಗಿ ಹಿಂದಿ ಬಾರದು. ಮಾವನಿಗೆ ಹಿಂದಿ ಬರುತ್ತದೆಯೆಂದು ಅವನೇ ಹೇಳಿಕೊಂಡ. ಶಹಾಪುರದ ಓಣಿಯ ದಖನಿ ಉರ್ದುವನ್ನು ಅವನು ಹಿಂದಿ ಎಂದು ತಿಳಿದಿದ್ದ.

"ಯಾರ ಅವ್ರು, ನಾವು ಭೆಟ್ಟಿ ಆಗೋರು?" ಎಂದು ಕೇಳಿದ.

"ಮಾಮಾ, ದಿನಾ ಪೇಪರಿನ್ಯಾಗ ಅವ್ರ ಫೋಟೊ ಬರ್ತದ."

"ಎಷ್ಟನೇ ಪೇಜಿನ್ಯಾಗ?"

"ಮೊದಲನೇದ್ರಾಗ."

"ಹಂಗಾರ ನನಗ ಹೆಂಗ ಗೊತ್ತಿರಬೇಕು?"

ಅವ್ವ ಯಾದಗಿರಿ ಸ್ಟೇಶನ್ನಿಗೆ ಬಂದು ಬುತ್ತಿ ಕೊಟ್ಟಳು. ಯಾದಗಿರಿಯಿಂದಾಚೆ ಅವಳು ಎಂದೂ ಹೋದವಳಲ್ಲ. ರೈಲು ಹೊರಡುವಾಗ ಕಿಟಕಿಯ ಸರಳು ಹಿಡಿದು, "ಅವ್ರ ಮುಂದ ನಿಂತು ನಾಕ ಮಾತು ಆಡಿ ಬಾ ಯವ್ವಾ. ನನಗ ಅಷ್ಟ ಸಾಕು" ಎಂದಳು. ಆ ನಾಲ್ಕು ಮಾತನ್ನು ನಾನು ದಿಲ್ಲಿಯವರೆಗೆ ಬಾಯಿಪಾಠ ಮಾಡಿದೆ. ಒಂದು ನಿಮಿಷಕ್ಕೆ ಸರಿಯಾಗಿ ಮುಗಿಯುವಂತೆ ಗಡಿಯಾರ ಹಿಡಿದು ಮಾಡಿದೆ.

ದೊಡ್ಡವರ ಬಾಗಿಲಲ್ಲಿ ತಪಾಸಣೆಯ ಯಂತ್ರ ಕೂಗಿಕೊಂಡಿತು. ಮಾವನ ಚೀಲದೊಳಗೆ ಗೇಟಿನ ಹ್ಯಾಂಡಲ್! ಹೊರಡುವಾಗಲೇ ಅವ್ವ ಕೇಳಿದ್ದಳು, ಕಾಲುವೆ ಬಂದ್ ಇದ್ದಾಗ ಅದ್ಯಾಕೆ ಎಂದು. "ಬಂದ್ ಇದ್ದಾಗ ಹೆಡ್ಡಿನವ್ರು ಯಾರಾರ ತೆಗೆದು ಇಟ್ಕೊಂಡ್ರ, ನೀರು ಬಿಟ್ಟ ದಿನ ಮುಗೀತು" ಎಂದಿದ್ದ. ಈಗ ನಾಲ್ಕು ಮಂದಿ ಬಂದೂಕಿನವರು ಅವನನ್ನು ಸುತ್ತಿಕೊಂಡರು.

"ಯೇ ಕ್ಯಾ ಹೈ?"

"ಗೇಟ್ ಕಾ ಹ್ಯಾಂಡಲ್ ಹೈ ಸಾಬ್."

"ಕೌನ್ಸಾ ಗೇಟ್?"

"ಹಮಾರಾ ಗೇಟ್. ತುಮಾರೆ ಗೇಟ್ ಕು ಯೇ ನೈ ಬೈಠ್ತಾ," ಎಂದು ಮಾವ ಅವರ ಬಾಗಿಲನ್ನು ಒಮ್ಮೆ ಅಳತೆಗಣ್ಣಿನಿಂದ ನೋಡಿ, ಇದು ನಿಮ್ಮದಕ್ಕೆ ಕೂರುವುದಿಲ್ಲವೆಂದು ಧೈರ್ಯ ಹೇಳಿದ. ಹ್ಯಾಂಡಲನ್ನು ಇಟ್ಟುಕೊಂಡು ಅವನಿಗೊಂದು ಟೋಕನ್ ಕೊಟ್ಟರು. ನನ್ನ ಬಾಯಿಪಾಠದಲ್ಲಿ ಎರಡು ಮಾತು ಅಲ್ಲಿಯೇ ಹಾರಿಹೋದವು.

ಒಳಗೆ ಉದ್ದನೆಯ ಹಾಲ್. ಇಪ್ಪತ್ತು ಮೇಜು, ಇಪ್ಪತ್ತು ಕಂಪ್ಯೂಟರು, ಇಪ್ಪತ್ತು ವಿದ್ಯಾರ್ಥಿಗಳು. ನನ್ನದು ಇಪ್ಪತ್ತನೆಯದು, ಚಹಾ ತರುವ ಬಾಗಿಲ ಪಕ್ಕದಲ್ಲಿ. ಮನೆಯವರೆಲ್ಲ ಹಗ್ಗದ ಹಿಂದೆ ಕುರ್ಚಿಗಳಲ್ಲಿ. ದೊಡ್ಡವರು ಬಂದರು. ಮೊದಲ ಮೇಜಿನಲ್ಲಿ ಐದು ನಿಮಿಷ ನಿಂತರು. ಎರಡನೆಯದರಲ್ಲಿ ನಾಲ್ಕು. ಒಂದು ನಿಮಿಷವೆಂದು ಪತ್ರದಲ್ಲಿದ್ದದ್ದು ಪತ್ರದಲ್ಲೇ ಉಳಿಯಿತು. ಅಧಿಕಾರಿಯೊಬ್ಬರು ಗಡಿಯಾರ ನೋಡತೊಡಗಿದರು. ದೊಡ್ಡವರು ಹನ್ನೊಂದನೆಯ ಮೇಜಿಗೆ ಬರುವಷ್ಟರಲ್ಲಿ ಆ ಅಧಿಕಾರಿ ಮುಂದೆ ಬಂದು ಕಿವಿಯಲ್ಲಿ ಏನೋ ಹೇಳಿದರು. ದೊಡ್ಡವರು ತಲೆಯಾಡಿಸಿ, ನಮ್ಮೆಲ್ಲರ ಕಡೆ ತಿರುಗಿ ಕೈಮುಗಿದರು.

ಮುಗಿಯಿತು. ನನಗೆ ಸ್ಟೇಶನ್ನಿನ ಕಿಟಕಿಯ ಸರಳು ಹಿಡಿದಿದ್ದ ಅವ್ವನ ಕೈ ಕಣ್ಣೆದುರು ಬಂತು. ಅವಳಿಗೆ ಹೋಗಿ ಏನೆಂದು ಹೇಳಲಿ?

ಆಗ ಹಗ್ಗದ ಹಿಂದಿನಿಂದ ಒಂದು ದನಿ ಬಂತು. ಮೂವತ್ತು ವರ್ಷ ಕಾಲುವೆಯ ಆಚೆ ದಂಡೆಗೆ ಕೇಳುವಂತೆ ಮಾತಾಡಿದ ದನಿ.

"ಸಾಬ್, ಟೇಲ್ ಕು ಪಾನಿ ನೈ ಪೋಂಚಾ!"

ಇಬ್ಬರು ಬಂದೂಕಿನವರು ಮಾವನ ಕಡೆ ಓಡಿದರು. ನಾನು ಮೇಜಿನ ಕೆಳಗೆ ಹೋಗಲೇ ಎಂದು ಯೋಚಿಸುತ್ತಿದ್ದೆ. ದೊಡ್ಡವರು ಕೈಯೆತ್ತಿ ಅವರನ್ನು ನಿಲ್ಲಿಸಿ, ಏನು ಹೇಳಿದರು ಇವರು ಎಂದು ಕೇಳಿದರು. ನಾನು ಪುಸ್ತಕದ ಹಿಂದಿಯಲ್ಲಿ ಹೇಳಿದೆ. ಅವರು ನಮ್ಮ ಕಾಲುವೆ ನಿರ್ವಹಿಸುತ್ತಾರೆ, ಕೊನೆಯವರಿಗೆ ನೀರು ಮುಟ್ಟಿಲ್ಲ ಎನ್ನುತ್ತಿದ್ದಾರೆ. ದೊಡ್ಡವರು ನಕ್ಕರು. ಎಂಟು ಮೇಜು ದಾಟಿ ನೇರ ನನ್ನ ಹತ್ತಿರ ಬಂದರು. ಬೀಗರ ಮುಂದಿನಿಂದ ಬಕೆಟ್ಟು ಹಾದುಬಂದ ಹಾಗೆ!

ನನ್ನ ನಾಲ್ಕು ಮಾತಿನಲ್ಲಿ ಒಂದೂ ನೆನಪಿರಲಿಲ್ಲ. ಪ್ರೋಗ್ರಾಂ ಓಡಿಸಿ ತೋರಿಸಿದೆ. ದೊಡ್ಡವರು ಪರದೆಯ ಮೇಲಿನ ಪಟ್ಟಿಗೆ ಬೆರಳಿಟ್ಟರು. ಎಲ್ಲಕ್ಕೂ ನಂಬರು ಇದೆ, ಮೊದಲು ನೀರು ಹೋಗುವ ಹೊಲಕ್ಕೆ ಹೆಸರಿದೆ, ಇದು ಯಾರ ಹೊಲ ಎಂದರು. ನಾನು ಮಾವನನ್ನು ತೋರಿಸಿದೆ. ಅವನನ್ನು ಹಗ್ಗದ ಈಚೆ ಕರೆಸಿದರು.

ಮಾವ ಕಾಲುವೆಯ ಭಾಷಣ ಶುರು ಮಾಡುತ್ತಾನೆಂದು ನಾನು ಹೆದರಿದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇರಿ ಬಡಿ ಬೆಹೆನ್ ಹೈ ಸಾಬ್..." ಎಂದು ಶುರು ಮಾಡಿದವನು ಎರಡನೆಯ ಮಾತಿಗೆ ಕನ್ನಡಕ್ಕೆ ಇಳಿದುಬಿಟ್ಟ. ನಾನು ಒಂದೊಂದೇ ಮಾತನ್ನು ಹಿಂದಿಗೆ ಮಾಡಿ ಹೇಳುತ್ತ ಹೋದೆ. ಹೇಳುವಾಗಲೇ ನನಗೂ ಮೊದಲ ಸಲ ಗೊತ್ತಾಗುತ್ತಿತ್ತು.

"ನಮ್ಮವ್ವ ಜಲ್ದಿ ಹೋದ್ಲ್ರಿ. ಆಗ ಅಕ್ಕಗ ಹತ್ತು ವರ್ಷ. ನಮ್ಮಪ್ಪ, ನಾವು ನಾಲ್ಕು ಮಂದಿ ಗಣಮಕ್ಕಳು. ಅಕ್ಕ ರೊಟ್ಟಿ ಬಡಿಯಾಕಿ, ನಾವು ಉಣ್ಣೋರು. ಬುಟ್ಟಿ ಆಕಿ ತನಕಾ ಹೋಗೂದ್ರಾಗ ಖಾಲಿ. ಆಕಿ ನನಗ ಹಸಿವಿಲ್ಲ ಅಂತಿದ್ಲು. ನಾವು ಖರೇ ಅಂತ ತಿಳಿದಿವ್ರಿ. ಒಂದಿನ ನಾ ನೀರು ಕುಡಿಯಾಕ ಒಳಗ ಹೋದ್ರ, ಆಕಿ ಬುಟ್ಟ್ಯಾಗಿನ ಹಿಟ್ಟಿನ ಪುಡಿ ಬಳಕೊಂಡು ತಿನ್ನಾಕತ್ತಿದ್ಲು. ಒಲಿ ಮುಂದ ಕುಂತಾಕಿ ಆಕಿ ಸಾಬ್. ಹೆಡ್‌ನ್ಯಾಗ ಕುಂತು ಟೇಲ್ ಆಗಿದ್ಲು. ಅವತ್ತಿನಿಂದ ನಾ ಕೊನೀಯಿಂದ ಬಡಿಸ್ತೀನ್ರಿ."

ಕೊನೆಯ ಮಾತು ನನಗೆ ಹಿಂದಿಗೆ ಮಾಡಲು ಆಗಲಿಲ್ಲ. ದೊಡ್ಡವರಿಗೆ ತಿಳಿದಿತ್ತೆಂದು ತೋರುತ್ತದೆ, ಅವರು ಕೇಳಲೂ ಇಲ್ಲ. ಮಾವನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ಗಡಿಯಾರದ ಅಧಿಕಾರಿಯನ್ನು ನೋಡದೆ ಹತ್ತೊಂಬತ್ತನೆಯ ಮೇಜಿಗೆ ಹೋದರು, ಅಲ್ಲಿಂದ ಹದಿನೆಂಟಕ್ಕೆ.

ಮೂರನೆಯ ದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಮಾತಾಡಿದೇನು?" ಎಂದಳು. ಹೂಂ ಎಂದೆ. "ಏನ್ ಮಾತಾಡಿದಿ?" ನಿನ್ನ ವಿಚಾರ ಎಂದೆ. "ಹೋಗ, ನನ್ನ ವಿಚಾರ ಏನದ ಅಲ್ಲಿ ಮಾತಾಡೂದು" ಎಂದು ನಕ್ಕಳು.

ಅಪ್ಪ, ಮಾವ, ನಾನು ಊಟಕ್ಕೆ ಕುಳಿತೆವು. ಮಾವ ಬುಟ್ಟಿಗೆ ಕೈಹಾಕುವ ಮೊದಲೇ ನಾನು ಒಂದು ಬಿಸಿ ರೊಟ್ಟಿ ತೆಗೆದು ಅವ್ವನ ಗಂಗಾಳಕ್ಕೆ ಹಾಕಿದೆ, ಪುಂಡಿಪಲ್ಯ ಹಾಕಿದೆ. ಅವಳು ಎಂದಿನಂತೆ ಅದನ್ನು ಎತ್ತಲು ಹೋದಳು.

"ನನಗ ಹಸಿವಿಲ್ಲ..."

ಹುಟ್ಟಿದಾಗಿನಿಂದ ಈ ಮಾತು ಕೇಳಿದ್ದೆ. ಬೆಳಗಿನಿಂದ ಒಲೆಯ ಮುಂದೆ ಇದ್ದವಳಿಗೆ ಹಸಿವೇಕಿಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. "ಸುಳ್ಳು ಹೇಳಬ್ಯಾಡವ್ವಾ" ಎಂದೆ.

ಅವ್ವ ನನ್ನ ಮುಖ ನೋಡಿದಳು, ಆಮೇಲೆ ತಮ್ಮನ ಮುಖ ನೋಡಿದಳು. ಮಾವ ತಲೆತಗ್ಗಿಸಿ ಮಡಿಲಲ್ಲಿದ್ದ ಗೇಟಿನ ಹ್ಯಾಂಡಲನ್ನು ಒರೆಸುತ್ತಿದ್ದ. ಅವ್ವ ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು ರೊಟ್ಟಿ ಮುರಿದಳು. ಅವಳು ಉಣ್ಣುತ್ತಿದ್ದಳು, ನಾವು ಕಾಯುತ್ತ ಕುಳಿತೆವು.